ಈ ಮಳೆಗಾಲ ಗಜನಿಗೆ ಕಗ್ಗ ಬಿತ್ತೋದಾ, ಗುತ್ತಿಗೆಗೆ ಕೊಡೋದಾ?

ಗಜನಿ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲೂಕಿನ ಹಾಲಕ್ಕಿ ಒಕ್ಕಲಿಗರ ಹುಡುಗಿ. ಅಘನಾಶಿನಿ ಅಳಿವೆಗೆ ತಾಗಿದ ಊರು, ಹೆಸರು ಬೇಡ. ಈಗ ಬೆಂಗಳೂರಲ್ಲಿ ಲೆಕ್ಕಪತ್ರ ನೋಡುವ ಕೆಲಸ.

ನಮ್ಮ ಮನೆಗೆ ಗಜನಿಯಲ್ಲಿ ಒಂದೆಕರೆ ಚಿಲ್ಲರೆ ಜಾಗ ಇದೆ. ಗಜನಿ ಗೊತ್ತಿಲ್ಲದವರಿಗೆ ಒಂದು ಮಾತು. ಭರತ ಬಂದಾಗ ಸಮುದ್ರದ ನೀರು ಹೊಳೆಯೊಳಗೆ ನುಗ್ಗುತ್ತದೆ. ಆ ನೀರು ಮುಟ್ಟುವ ತಗ್ಗಿಗೆ ಕಟ್ಟೆ ಕಟ್ಟಿ ನಮ್ಮ ಹಿರಿಯರು ಗದ್ದೆ ಮಾಡಿದ್ದಾರೆ. ಕಟ್ಟೆಗೆ ಅಲ್ಲಲ್ಲಿ ಹಲಗೆ ಬಾಗಿಲು. ಮಳೆಗಾಲದಲ್ಲಿ ಬಾಗಿಲು ಹಾಕಿ ಕಗ್ಗ ಅನ್ನೋ ಉಪ್ಪು ತಡೆಯುವ ಭತ್ತ ಬೆಳೆಯುತ್ತಾರೆ. ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಒಳಗೆ ಬಿಡುತ್ತಾರೆ. ಆಗ ಶೆಟ್ಲಿ (ಸಿಗಡಿ), ಏಡಿ, ಮೀನು. ವರ್ಷದಲ್ಲಿ ಅರ್ಧ ಗದ್ದೆ, ಅರ್ಧ ಕೆರೆ.

ಅಜ್ಜ ಹೋಗಿ 9 ವರ್ಷ ಆಯಿತು. ಅವರ ನಂತರ ನಮ್ಮ ಗಜನಿಯಲ್ಲಿ ಕಗ್ಗ ಹೆಚ್ಚುಕಡಿಮೆ ನಿಂತೇ ಹೋಗಿದೆ. ಅಜ್ಜಿ ಮಾತ್ರ ಕಟ್ಟೆ ಪಕ್ಕದ ಒಂದು ಮೂಲೆಯಲ್ಲಿ, ನಮ್ಮ ಅಡುಗೆಮನೆಯಷ್ಟು ಜಾಗದಲ್ಲಿ, ಪ್ರತಿ ವರ್ಷ ಬಿತ್ತುತ್ತಾಳೆ. ಯಾಕೆ ಅಂತ ಕೇಳಿದರೆ "ಬೀಜ ಉಳೀಬೇಕಲ್ಲ" ಅನ್ನುತ್ತಾಳೆ. ಅಷ್ಟೇ.

ಈಗ ವಿಷಯ. ಹೊರಗಿನ ಒಬ್ಬರು ಬಂದು ಇಡೀ ಗಜನಿಯನ್ನು 5 ವರ್ಷಕ್ಕೆ ಗುತ್ತಿಗೆ ಕೇಳಿದ್ದಾರೆ. ವರ್ಷವಿಡೀ ಉಪ್ಪುನೀರು ನಿಲ್ಲಿಸಿ ಶೆಟ್ಲಿ ಸಾಕುತ್ತಾರಂತೆ. 16 ಮನೆ ಪಾಲುದಾರರಿದ್ದೇವೆ. ಹೆಚ್ಚಿನವರು ಹೂಂ ಅಂದಿದ್ದಾರೆ. ನಮ್ಮ ಚಿಕ್ಕಪ್ಪನೂ ಹೂಂ ಅಂದಿದ್ದಾರೆ. ಅಜ್ಜಿ ಒಲ್ಲೆ ಅಂತ ಕೂತಿದ್ದಾಳೆ. ನನಗೆ ಎರಡೂ ಕಡೆ ನ್ಯಾಯ ಕಾಣುತ್ತದೆ. ಗೊತ್ತಿರುವವರು ಹೇಳಿ, ಈ ಕಾಲದಲ್ಲಿ ಕಗ್ಗ ಬೆಳೆದು ಬದುಕೋಕೆ ಆಗುತ್ತಾ?

ಅಳ್ವೆಕೋಡಿ ಈರುಳ್ಳಿ

ಬದುಕೋಕೆ ಆಗಲ್ಲ. ಊಟಕ್ಕೆ ಆಗುತ್ತದೆ. ಎರಡೂ ಬೇರೆ ಬೇರೆ ಪ್ರಶ್ನೆ.

ಕಗ್ಗದ ಇಳುವರಿ ಕಡಿಮೆ. ಆದರೆ ಖರ್ಚೂ ಕಡಿಮೆ. ಗೊಬ್ಬರ ಹಾಕೋದಿಲ್ಲ, ಔಷಧ ಹೊಡೆಯೋದಿಲ್ಲ. ತೆನೆ ಮಾತ್ರ ಕೊಯ್ದು ಹುಲ್ಲು ಗದ್ದೆಯಲ್ಲೇ ಬಿಡುತ್ತಾರೆ. ಅದು ಕೊಳೆತು ಶೆಟ್ಲಿಗೆ ಮೇವು. ಶೆಟ್ಲಿ, ಮೀನು, ಹಕ್ಕಿ ಹಾಕಿದ ಹಿಕ್ಕೆ ಮುಂದಿನ ಕಗ್ಗಕ್ಕೆ ಗೊಬ್ಬರ. ಭತ್ತದ ದುಡ್ಡು ಮಾತ್ರ ಲೆಕ್ಕ ಹಾಕಿದರೆ ನಷ್ಟವೇ ಕಾಣೋದು. ಬೇಸಿಗೆಯ ಮೀನನ್ನೂ ಸೇರಿಸಿ ಲೆಕ್ಕ ಮಾಡು ತಂಗಿ, ನೀನು ಲೆಕ್ಕದವಳೇ ಅಲ್ವಾ.

ಬೆಂಗಳೂರು ಬಾಲ್ಕನಿ

ಉಪ್ಪುನೀರಲ್ಲಿ ಭತ್ತ ಬೆಳೆಯುತ್ತಾ?! ನಮ್ಮ ಬೋರ್‌ವೆಲ್ ನೀರು ಸ್ವಲ್ಪ ಗಡಸಾದರೆ ತುಳಸಿ ಗಿಡವೇ ಸಾಯುತ್ತದೆ.

ಮಣ್ಣು ಓದುವವ

ಪೂರ್ತಿ ಸಮುದ್ರದ ನೀರಲ್ಲಿ ಬೆಳೆಯೋದಿಲ್ಲ. ಇಲ್ಲಿರುವ ಜಾಣತನ ನೀರಿನದಲ್ಲ, ಸಮಯದ್ದು.

ಬೇಸಿಗೆ ಕೊನೆಗೆ ಬಾಗಿಲು ಹಾಕಿ ಗದ್ದೆಯ ನೀರು ಇಳಿಸುತ್ತಾರೆ. ನೆಲ ಒಣಗಿ ಬಿರುಕು ಬಿಡುತ್ತದೆ. ಆಗಲೇ ಉತ್ತಿಡಬೇಕು. ಜೂನ್ ಮಳೆ ಬಿದ್ದಾಗ ಮೇಲಿನ ಉಪ್ಪು ಕರಗುತ್ತದೆ. ಇಳಿತದ ಹೊತ್ತಿಗೆ ಬಾಗಿಲು ತೆಗೆದು ಆ ನೀರು ಹೊರಗೆ ಬಿಡುತ್ತಾರೆ, ಭರತ ಬರುವ ಮೊದಲು ಮುಚ್ಚುತ್ತಾರೆ. ಹೀಗೆ ಕೆಲವು ಸಲ ತೊಳೆದ ಮೇಲೆ ಮೊಳಕೆ ಬಂದ ಬೀಜ ಎರಚುತ್ತಾರೆ. ಆಮೇಲೂ ಸ್ವಲ್ಪ ಉಪ್ಪು ಉಳಿದಿರುತ್ತದೆ. ಅಷ್ಟನ್ನು ಕಗ್ಗ ತಡೆದುಕೊಳ್ಳುತ್ತದೆ, ಬೇರೆ ತಳಿ ಸುಟ್ಟು ಹೋಗುತ್ತದೆ. ನೆರೆ ಬಂದು ಕೆಲವು ದಿನ ಪೂರ್ತಿ ಮುಳುಗಿದರೂ ಕಗ್ಗ ಮತ್ತೆ ತಲೆ ಎತ್ತುತ್ತದೆ. ಪೈರು ಆಳೆತ್ತರ ಬರೋದೂ ಅದಕ್ಕೇ.

ಇದು ನಮ್ಮಲ್ಲಿ ಮಾತ್ರ ಇರುವುದಲ್ಲ. ಕೇರಳದಲ್ಲಿ ಪೊಕ್ಕಾಳಿ, ಕೈಪಾಡ್ ಇವೆ. ಗೋವಾದಲ್ಲಿ ಖಾಜನ್ ಅನ್ನುತ್ತಾರೆ. ಪಶ್ಚಿಮ ಕರಾವಳಿಯ ಅಳಿವೆ ಜನ ಒಂದೇ ಉಪಾಯವನ್ನು ಬೇರೆ ಬೇರೆ ಹೆಸರಲ್ಲಿ ಕಂಡುಕೊಂಡಿದ್ದಾರೆ.

ನಿವೃತ್ತ ಮೇಷ್ಟ್ರು

ಮೇಲಿನವರು ಹೇಳಿದ್ದು ಸರಿ. ಆದರೆ ಬಾಗಿಲು ಯಾರು ಹಾಕೋದು, ಯಾರು ತೆಗೆಯೋದು ಅನ್ನೋದೇ ಗಜನಿಯ ಅರ್ಧ ಕಥೆ. ಅದನ್ನು ಯಾರೂ ಬರೆಯೋದಿಲ್ಲ.

ನಾನು ಹಾಲಕ್ಕಿ ಅಲ್ಲ. ಆದರೆ ಹಾಲಕ್ಕಿ ಕೊಪ್ಪದ, ಅಂದರೆ ಕೇರಿಯ, ಪಕ್ಕದ ಶಾಲೆಯಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಪಾಠ ಮಾಡಿದ್ದೇನೆ. ಅಲ್ಲಿ ಊರಗೌಡ, ಬುಧವಂತ, ಕೋಲಕಾರ ಅಂತ ಮೂರು ಜನ. ಊರಗೌಡನ ಮೇಲೆ ಸೀಮೆಗೌಡ. ಮದುವೆ, ಜಗಳ, ದಂಡ, ಹಬ್ಬ ಎಲ್ಲದಕ್ಕೂ ಇವರ ಮುಂದೆ ಕೂಟ ಸೇರಬೇಕು. ನಾನಿದ್ದ ಊರಲ್ಲಿ ಗಜನಿ ಕಟ್ಟೆಯ ಕೆಲಸವೂ ಹೀಗೇ ನಡೆಯುತ್ತಿತ್ತು. ಮಳೆಗೆ ಮೊದಲು ಗೌಡರ ಮನೆ ಅಂಗಳದಲ್ಲಿ ಕೂಟ. ಕೋಲಕಾರ ಮನೆ ಮನೆಗೆ ಹೋಗಿ "ನಾಳೆ ಕಟ್ಟೆಗೆ ಮನೆಗೊಂದಾಳು" ಅಂತ ಹೇಳಿ ಬರುತ್ತಿದ್ದ. ಬಾರದವನಿಗೆ ದಂಡ. ದಂಡ ಅಂದರೆ ದುಡ್ಡಲ್ಲ. ಎಷ್ಟೋ ಸಲ ತೆಂಗಿನಕಾಯಿ, ಎಲೆ ಅಡಿಕೆ. ಆದರೆ ನಾಚಿಕೆ ದೊಡ್ಡದು.

ಗಜನಿಯಲ್ಲಿ ನಿನ್ನ ಗದ್ದೆ, ನನ್ನ ಗದ್ದೆ ಅಂತ ಅಂಚು ಕಾಣೋದಿಲ್ಲ. ನೀರು ಬಂದರೆ ಎಲ್ಲರಿಗೂ ಬರುತ್ತದೆ. ಕಟ್ಟೆ ಒಂದು ಕಡೆ ಒಡೆದರೆ ಇಡೀ ಗಜನಿ ಹೋಗುತ್ತದೆ. ಆದ್ದರಿಂದ "ನಮ್ಮ ಒಂದೆಕರೆಯಲ್ಲಿ ಏನು ಮಾಡಲಿ" ಅಂತ ನೀನು ಕೇಳಿದ್ದಕ್ಕೆ ಉತ್ತರವೇ ಇಲ್ಲಮ್ಮ. ಒಂದೆಕರೆ ಪಹಣಿಯಲ್ಲಿ ಮಾತ್ರ ಇದೆ.

ಗಜನಿ ಮೊಮ್ಮಗಳು

ಮೇಷ್ಟ್ರೇ, ಇದನ್ನು ಅಜ್ಜಿಗೆ ಫೋನಲ್ಲಿ ಓದಿ ಹೇಳಿದೆ. "ದಂಡ ನಿನ್ನ ಅಜ್ಜನೂ ಕೊಟ್ಟಿದ್ದಾನೆ, ಎರಡು ಸಲ" ಅಂದಳು. ಮನೆಯಲ್ಲಿ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ!

ಅಂದ ಹಾಗೆ ಪಹಣಿಯಲ್ಲಿ ಅಜ್ಜಿಯ ಹೆಸರಿಲ್ಲ. ಬೀಜ ಆರಿಸಿದ್ದು, ಮೊಳಕೆ ಕಟ್ಟಿದ್ದು, ಎರಚಿದ್ದು, ಕೊಯ್ದದ್ದು ಎಲ್ಲ ಅವಳು. ಸಹಿ ಚಿಕ್ಕಪ್ಪನದು.

ಒಬ್ಬ ಪಾಲುದಾರ

ನಾನು ಗುತ್ತಿಗೆಗೆ ಕೊಟ್ಟವರ ಕಡೆಯವನು. ಬೈಯೋರು ಬೈಯಿರಿ.

ನನ್ನ ಮಗಳು ನರ್ಸಿಂಗ್ ಓದಿದ್ದು ಗಜನಿ ಗುತ್ತಿಗೆ ದುಡ್ಡಲ್ಲಿ. ಕಗ್ಗದಲ್ಲಿ ಅಲ್ಲ. ನಾವು ಬಿತ್ತುತ್ತಿದ್ದಾಗ ಕೊನೆಕೊನೆಗೆ ನಾಲ್ಕೇ ಮನೆಯವರು ಉಳಿದಿದ್ದೆವು. ನಾಲ್ಕೇ ಗದ್ದೆಯಲ್ಲಿ ತೆನೆ ಇದ್ದರೆ ಏನಾಗುತ್ತೆ ಗೊತ್ತಾ? ಸುತ್ತಲಿನ ಹಕ್ಕಿಗಳೆಲ್ಲ ಅಲ್ಲಿಗೇ ಬರುತ್ತವೆ. ಮೊದಲಿನಂತೆ ಇಡೀ ಬಯಲು ಹಳದಿಯಾಗಿದ್ದಾಗ ಅವು ತಿಂದದ್ದು ಗೊತ್ತೇ ಆಗುತ್ತಿರಲಿಲ್ಲ. ನಾಲ್ಕು ಮನೆಯವರು ಬೆಳಗಿನಿಂದ ಸಂಜೆ ತನಕ ಡಬ್ಬ ಬಡಿದೆವು. ಕೊನೆಗೆ ಮನೆಗೆ ತಂದದ್ದು ಮೂರು ಚೀಲ. ಮರುವರ್ಷ ನಾನೇ ಮೊದಲು ಗುತ್ತಿಗೆಗೆ ಸಹಿ ಹಾಕಿದೆ.

ಪರಂಪರೆ, ಸಂಸ್ಕೃತಿ ಅಂತ ಬೆಂಗಳೂರಲ್ಲಿ ಕೂತು ಬರೆಯೋದು ಸುಲಭ. ಡಬ್ಬ ಬಡಿಯೋಕೆ ಬನ್ನಿ.

ಗಜನಿ ಮೊಮ್ಮಗಳು

ಬೈಯೋದೇನಿಲ್ಲ ಅಣ್ಣ. ನೀವು ಹೇಳಿದ್ದೇ ನನ್ನ ಚಿಕ್ಕಪ್ಪನೂ ಹೇಳೋದು. ಡಬ್ಬ ಬಡಿಯೋಕೆ ನಾನು ರಜೆ ಹಾಕಿ ಬರಬೇಕು ನಿಜ.

ಬಳಚು ಸಾರು

ಒಂದು ವಿಷಯ ಸೇರಿಸುತ್ತೇನೆ. ಗಜನಿ ಬರೀ ಪಾಲುದಾರರದ್ದಲ್ಲ. ನಾವು ಅಂಬಿಗರು. ನನ್ನ ಅತ್ತೆ ಇಳಿತದ ಹೊತ್ತಿಗೆ ಹೊಳೆಗೆ ಇಳಿದು ಬಳಚು (ಚಿಪ್ಪುಮೀನು) ಹೆಕ್ಕುತ್ತಾರೆ. ಹರಿಕಂತ್ರ, ಗಾಮೊಕ್ಕಲು, ಮುಸ್ಲಿಂ ಹೆಂಗಸರೂ ಇರುತ್ತಾರೆ. ನಮಗೆ ಪಹಣಿ ಇಲ್ಲ. ಹೊಳೆಯೇ ಪಹಣಿ.

ವರ್ಷವಿಡೀ ಶೆಟ್ಲಿ ಸಾಕುವಾಗ ಕೆರೆಯ ಕೊಳೆನೀರು ಹೊಳೆಗೇ ಬರುತ್ತದೆ. ಕಟ್ಟೆ ಪಕ್ಕದ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿದರೆ ಮೀನು ಮರಿ ಹಾಕುವ ಜಾಗವೂ ಹೋಯಿತು. ಈ ಅಳಿವೆಗೆ 2024ರಲ್ಲಿ ಜೌಗು ನೆಲಗಳಿಗೆ ಕೊಡುವ ಅಂತಾರಾಷ್ಟ್ರೀಯ ರಾಮ್‌ಸಾರ್ ಪಟ್ಟ ಬಂತು. 4,801 ಹೆಕ್ಟೇರ್. ಒಳ್ಳೆಯದೇ. ಆದರೆ ನಮ್ಮ ಕಡೆ ಬಳಚು ಹೆಕ್ಕುವವರನ್ನು ಕೇಳಿದರೆ ಅರ್ಧ ಜನಕ್ಕೆ ಆ ಹೆಸರೇ ಗೊತ್ತಿಲ್ಲ. ಯಾವ ಗಜನಿ ಬಾಗಿಲು ಯಾವತ್ತು ತೆಗೆಯುತ್ತಾರೆ ಅಂತ ಮಾತ್ರ ಎಲ್ಲರಿಗೂ ಗೊತ್ತು.

ತದಡಿ ಬಂದರು

ಇದೇ ಹೊಳೆ ದಂಡೆಗೆ ದೊಡ್ಡ ವಿದ್ಯುತ್ ಸ್ಥಾವರ ಬರುತ್ತೆ, ಬಂದರು ಬರುತ್ತೆ ಅಂತ ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. 4,000 ಮೆಗಾವಾಟ್‌ನ ಯೋಜನೆ ಜನರ ವಿರೋಧದಿಂದ ನಿಂತುಹೋಯಿತು. ಈಗ ಹೊಳೆಯ ನೀರನ್ನೇ ವೇದಾವತಿ ನದಿಗೆ ತಿರುಗಿಸುವ ಮಾತು. ಶಿರಸಿಯಲ್ಲಿ ಹುಟ್ಟಿ ಸಮುದ್ರ ಸೇರುವ ತನಕ ಒಂದೂ ಅಣೆಕಟ್ಟಿಲ್ಲದ ಹೊಳೆ ಇದು. ಮೇಲಿಂದ ಸಿಹಿನೀರು ಕಡಿಮೆಯಾದರೆ ಉಪ್ಪು ತೊಳೆಯೋಕೆ ನೀರೆಲ್ಲಿ? ಗಜನಿಯವರು ಇದನ್ನೂ ಯೋಚಿಸಬೇಕು.

ಕಾರವಾರದಲ್ಲಿ ನೌಕಾನೆಲೆಗೆ 4,000ಕ್ಕೂ ಹೆಚ್ಚು ಕುಟುಂಬ ಜಾಗ ಬಿಟ್ಟವು. ಪರಿಹಾರಕ್ಕಾಗಿ ಎಷ್ಟು ವರ್ಷ ಅಲೆದವು ಅಂತ ನಮ್ಮ ಬೀಗರ ಮನೆಯಲ್ಲಿ ಕೇಳಿ.

ಬೆಟ್ಟದ ಕಡೆಯವ

ಗಜನಿಯವರು ಪುಣ್ಯವಂತರು, ಪಹಣಿಯಾದರೂ ಇದೆ. ಅಂಕೋಲೆಯ ಮೇಲಿನ ಹಾಲಕ್ಕಿ ಮನೆಗಳ ಕಥೆ ಕೇಳಿ.

ಮೊದಲು ನಮ್ಮ ಹಿರಿಯರು ಗುಡ್ಡದಲ್ಲಿ ಕುಮರಿ ಕಡಿದು, ಅಂದರೆ ಕಾಡು ಕಡಿದು ಸುಟ್ಟು, ರಾಗಿ ಬೆಳೆಯುತ್ತಿದ್ದರು. 19ನೇ ಶತಮಾನದಲ್ಲಿ ಬ್ರಿಟಿಷರು ಅದಕ್ಕೆ ಕಡಿವಾಣ ಹಾಕಿದರು. ಕೆಳಗೆ ಬಂದು ಒಡೆಯರ ಗದ್ದೆಗೆ ಗೇಣಿದಾರರಾದರು. ದಿನಕರ ದೇಸಾಯಿಯವರು ರೈತಕೂಟ ಕಟ್ಟಿದಾಗ ಧೈರ್ಯ ಬಂತು. ಅದಕ್ಕಾಗಿ ಬ್ರಿಟಿಷರು ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. 1974ರ ಭೂಸುಧಾರಣೆ ಬಂದ ಮೇಲೆ ಗೇಣಿ ಗದ್ದೆ ಕೆಲವರಿಗೆ ಸಿಕ್ಕಿತು. ಅರ್ಜಿ ಹಾಕೋಕೆ ಹೆದರಿದವರಿಗೆ ಸಿಗಲಿಲ್ಲ. ಗುಡ್ಡದ ಅಂಚಿನ ಮನೆಯಡಿ ಜಾಗ ಕಾಡು ಅಂತಲೇ ಉಳಿಯಿತು. ನಮ್ಮ ಜಿಲ್ಲೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕಾಡೇ ಅಲ್ವಾ.

ಸೊಪ್ಪಿನ ಬೆಟ್ಟದ ಹಕ್ಕು, ಅಂದರೆ ತೋಟಕ್ಕೆ ಕಾಡಿನ ಸೊಪ್ಪು ತರುವ ಹಕ್ಕು, ಅಡಿಕೆ ತೋಟದವರಿಗೆ ಸಿಕ್ಕಿತು. ತೋಟವೇ ಇಲ್ಲದ ಹಾಲಕ್ಕಿಗೆ ಬೆಟ್ಟ ಎಲ್ಲಿಂದ ಬರಬೇಕು?

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕಿಂತ ಮೊದಲು ಅಲ್ಲಿದ್ದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದೆವು ಅಂತ ತೋರಿಸಬೇಕು. ನಾವು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲ. ನನ್ನ ಮುತ್ತಜ್ಜ ಅಲ್ಲೇ ಹುಟ್ಟಿ ಅಲ್ಲೇ ಸತ್ತ. ಅದಕ್ಕೆ ಕಾಗದ ಎಲ್ಲಿದೆ? ಮನೆ ಹಿಂದಿನ ಹಲಸಿನ ಮರ ಇದೆ. ಕಚೇರಿಯಲ್ಲಿ ಮರದ ಸಾಕ್ಷಿ ನಡೆಯೋದಿಲ್ಲವಂತೆ. ನಮ್ಮ ಅರ್ಜಿ ವಾಪಸ್ ಬಂದು ಆರು ವರ್ಷ ಆಯಿತು.

ಬೆಂಗಳೂರು ಬಾಲ್ಕನಿ

ಹಾಲಕ್ಕಿಗಳು ಪರಿಶಿಷ್ಟ ಪಂಗಡ ಅಲ್ವಾ? ಪದ್ಮಶ್ರೀ ಸುದ್ದಿ ಬಂದಾಗಲೆಲ್ಲ ಬುಡಕಟ್ಟು ಅಂತಲೇ ಬರೆಯುತ್ತಿದ್ದರು.

ಬೆಟ್ಟದ ಕಡೆಯವ

ಪತ್ರಿಕೆಯಲ್ಲಿ ಬುಡಕಟ್ಟು, ಕಚೇರಿಯಲ್ಲಿ ಹಿಂದುಳಿದ ವರ್ಗ. ಇದೇ ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಸಿಕ್ಕಿತು. ಗೋವಾದ ಕುಣಬಿ, ಗಾವಡಾ, ವೇಳಿಪರಿಗೂ ಅದೇ ಹೊತ್ತಿಗೆ ಸಿಕ್ಕಿತು. ನಮ್ಮ ಬೇಡಿಕೆ ದಿಲ್ಲಿಗೆ ಹೋಗಿ ಬರುತ್ತಾ ಇದೆ. "ಒಕ್ಕಲಿಗ" ಅನ್ನೋ ಪದ ಹೆಸರಲ್ಲಿ ಇರೋದೇ ತೊಂದರೆ ಅಂತ ಕೆಲವರು. ದಕ್ಷಿಣದ ಒಕ್ಕಲಿಗರಿಗೂ ನಮಗೂ ಯಾವ ಸಂಬಂಧವೂ ಇಲ್ಲ. ಇಲ್ಲಿ ಒಕ್ಕಲಿಗ ಅಂದರೆ ಒಕ್ಕಲುತನ ಮಾಡುವವ, ಅಷ್ಟೇ.

ಸುಗ್ಗಿ ತುರಾಯಿ

ಹೆಸರಿನ ವಿಷಯ ಬಂತಲ್ಲ. ನಮ್ಮಲ್ಲಿ ಹೇಳೋ ಕಥೆ ಹೀಗೆ. ಶಿವ ಗದ್ದೆ ಉಳುತ್ತಿದ್ದ. ಪಾರ್ವತಿ ಹಾಲು ಅಕ್ಕಿ ಹಾಕಿ ಬೇಯಿಸಿದ ಅನ್ನ ತಂದಳು. ದಾರಿಯಲ್ಲಿ ಬೇಜಾರಾಗಿ ಅದರಲ್ಲೇ ಎರಡು ಬೊಂಬೆ ಮಾಡಿದಳು. ಶಿವ ಅವಕ್ಕೆ ಜೀವ ಕೊಟ್ಟ. ಅವರೇ ಹಾಲಕ್ಕಿಗಳು. ಶಿವನ ಊಟ ಏನಾಯಿತು ಅಂತ ನಾನು ಚಿಕ್ಕವನಿದ್ದಾಗ ಕೇಳಿದ್ದಕ್ಕೆ ಒಂದೇಟು ಬಿತ್ತು.

ಪದ್ಮಶ್ರೀ ವಿಷಯಕ್ಕೆ ಬಂದರೆ, ಅದು ಸಿಕ್ಕ ನಮ್ಮ ಅಜ್ಜಿಯರಿಬ್ಬರೂ ಒಂದೇ ಚಳಿಗಾಲದಲ್ಲಿ ಹೋದರು. ಹೊನ್ನಳ್ಳಿಯ ತುಳಸಿ ಗೌಡ 2024ರ ಡಿಸೆಂಬರ್ 16ಕ್ಕೆ. ಬಡಗೇರಿಯ ಸುಕ್ರಜ್ಜಿ (ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ) 2025ರ ಫೆಬ್ರವರಿ 13ಕ್ಕೆ. ತುಳಸಜ್ಜಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದ ಫೋಟೋ ಎಲ್ಲರೂ ಹಂಚಿಕೊಂಡರು. ಆದರೆ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಎಷ್ಟೋ ವರ್ಷ ದಿನಗೂಲಿ ಆಳಾಗಿ ದುಡಿದವರು, ಯಾವ ಮರದ ಬೀಜ ಯಾವಾಗ ಹೆಕ್ಕಬೇಕು ಅನ್ನೋದನ್ನು ಕೆಲಸ ಮಾಡಿಯೇ ಕಲಿತವರು. "ಕಾಡಿನ ದೇವತೆ" ಅಂದುಬಿಟ್ಟರೆ ಆ ಕೂಲಿ ಮರೆತುಹೋಗುತ್ತದೆ. ನನಗೆ ಅದು ಇಷ್ಟ ಆಗೋದಿಲ್ಲ.

ಸುಕ್ರಜ್ಜಿಯ ಹಾಡುಗಳೂ ಹಾಗೇ. ನಾಟಿ ಹಾಡು, ಕುಟ್ಟುವ ಹಾಡು, ಮದುವೆ ಹಾಡು. ಕೈ ಕೆಲಸದಲ್ಲಿರುವಾಗ ಬಾಯಿಗೆ ಬಂದವು. ಅವರು ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದದ್ದನ್ನು ಎಷ್ಟು ಜನ ನೆನಪಿಟ್ಟಿದ್ದಾರೋ. ಈಗ ಹಾಡು ವೇದಿಕೆ ಮೇಲೆ ಇದೆ, ಮೈಕ್ ಇದೆ. ಕುಟ್ಟುವ ಒರಳು ಇಲ್ಲ.

ನಾನು ಸುಗ್ಗಿ ಕುಣಿಯುವವನು. ತಲೆ ಮೇಲಿನ ತುರಾಯಿಗೆ ಬೆಂಡಿನ ಹೂವು, ಹಕ್ಕಿ ಕಟ್ಟೋಕೆ ವಾರಗಟ್ಟಲೆ ಬೇಕು. ಗುಮಟೆ ಅನ್ನೋ ಮಣ್ಣಿನ ವಾದ್ಯಕ್ಕೆ ಮೊದಲು ಉಡದ ಚರ್ಮ ಹಾಕುತ್ತಿದ್ದರು. ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಈಗ ಆಡಿನ ಚರ್ಮ. ನಾದ ಸ್ವಲ್ಪ ಬೇರೆ, ಆದರೂ ನಡೆಯುತ್ತದೆ. ಹೋಳಿ ಹೊತ್ತಿಗೆ ಹುಬ್ಬಳ್ಳಿ, ಗೋವಾ, ಬೆಂಗಳೂರಲ್ಲಿ ಇರುವ ಹುಡುಗರೆಲ್ಲ ಬರುತ್ತಾರೆ. ಸುಗ್ಗಿ ಅಂದರೆ ಕೊಯ್ಲು ತಾನೇ. ನಮ್ಮ ಮೇಳದಲ್ಲಿ ಈ ವರ್ಷ ಭತ್ತ ಕೊಯ್ದವರು ಎಷ್ಟು ಅಂತ ಎಣಿಸಿದೆ. ಮೂರು ಜನ. ಕುಣಿದವರು ಇಪ್ಪತ್ತೆರಡು.

ದುಬೈಲಿ ಕುಮಟಾ

ಸುಗ್ಗಿ ವಿಡಿಯೋ ಇದ್ದರೆ ಹಾಕು ಮಾರಾಯ. ಇಲ್ಲಿ ರೂಮಲ್ಲಿ ಕೂತು ಅದನ್ನೇ ನೋಡೋದು. ಹಾಗೇ ಯಾರಾದರೂ ಈ ವಾರ ಹೆದ್ದಾರಿ ಬದಿ ಕರಿ ಇಶಾಡು ಮಾವು ಬಂದಿದೆಯಾ ಹೇಳಿ. ನಮ್ಮ ಅಬ್ಬೆ ಫೋನಲ್ಲಿ "ಇನ್ನೂ ಕಾಯಿ" ಅನ್ನುತ್ತಾಳೆ, ನಂಬಿಕೆ ಇಲ್ಲ.

ಅಳ್ವೆಕೋಡಿ ಈರುಳ್ಳಿ

ಬಂದಿದೆ. ಬುಟ್ಟಿ ಇಟ್ಟುಕೊಂಡು ಹಾಲಕ್ಕಿ ಹೆಂಗಸರು ಕೂತಿದ್ದಾರೆ. 2023ರಲ್ಲಿ ಭೌಗೋಳಿಕ ಗುರುತು ಸಿಕ್ಕ ಮೇಲೆ ರೇಟು ಜೋರಾಗಿದೆ. ಕುಮಟೆ ಈರುಳ್ಳಿಗೆ ಇನ್ನೂ ಯಾರೂ ಸನ್ಮಾನ ಮಾಡಿಲ್ಲ ಅಂತ ನನಗೆ ಹೊಟ್ಟೆಕಿಚ್ಚು.

ವಿಷಯಕ್ಕೆ ಬರೋಣ. ತಂಗಿ, ಕಟ್ಟೆ ಈಗ ಯಾವ ಸ್ಥಿತಿಯಲ್ಲಿದೆ? ಹಳೇ ಮಣ್ಣಿನ ಕಟ್ಟೆಯಾ, ಸರ್ಕಾರದ ಕಲ್ಲಿನ ಕಟ್ಟೆಯಾ?

ಗಜನಿ ಮೊಮ್ಮಗಳು

ಕಲ್ಲಿನದು. ಉಪ್ಪುನೀರು ತಡೆಯೋಕೆ ಸರ್ಕಾರ ತಂದ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಕಟ್ಟಿದ್ದು. ಎರಡು ಕಡೆ ಕುಸಿದಿದೆ. ಬಾಗಿಲ ಹಲಗೆ ಕೊಳೆತಿದೆ.

ನಿವೃತ್ತ ಮೇಷ್ಟ್ರು

ಅಲ್ಲೇ ಇರೋದು ಗಂಟು. ಮಣ್ಣಿನ ಕಟ್ಟೆ ಪ್ರತಿ ವರ್ಷ ಕರಗುತ್ತಿತ್ತು, ಅದಕ್ಕೇ ಜನ ಪ್ರತಿ ವರ್ಷ ಸೇರುತ್ತಿದ್ದರು. ಹೊಳೆ ಕಡೆಗೆ ಕಾಂಡ್ಲಾ ಬೆಳೆಸಿ ಅಲೆಯ ಏಟು ತಡೆಯುತ್ತಿದ್ದರು. ಸರ್ಕಾರ ಗಟ್ಟಿ ಕಟ್ಟೆ ಕಟ್ಟಿತು. ಒಳ್ಳೆಯ ಮನಸ್ಸಿಂದಲೇ ಇರಬಹುದು. "ಇನ್ನು ಕಟ್ಟೆ ಸರ್ಕಾರದ್ದು" ಅಂತ ಜನ ಕೈ ತೊಳೆದುಕೊಂಡರು. ಕೂಟ ನಿಂತಿತು. ಹತ್ತು ಹದಿನೈದು ವರ್ಷಕ್ಕೆ ಕಲ್ಲು ಕುಸಿಯಿತು, ಅಷ್ಟರಲ್ಲಿ ಮಣ್ಣು ಮೆತ್ತುವ ಕೈಗಳಿಗೆ ವಯಸ್ಸಾಗಿತ್ತು. ಅದೇ ಹೊತ್ತಿಗೆ ಶೆಟ್ಲಿ ಗುತ್ತಿಗೆಯವರು ಬಂದರು. ಕಟ್ಟೆ ರಿಪೇರಿ ನಾವು ಮಾಡುತ್ತೇವೆ ಅಂದರು. ಯಾರು ಬೇಡ ಅನ್ನುತ್ತಾರೆ?

ಮಣ್ಣು ಓದುವವ

ಆ ಶೆಟ್ಲಿ ಕಥೆಯ ಮುಂದಿನ ಭಾಗವನ್ನೂ ಹೇಳಬೇಕು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ಭಾರತಕ್ಕೆ ಬಂತು. ಕೆರೆಗೆ ಕೆರೆಯೇ ಖಾಲಿಯಾದವು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಹೊಸ ಮಾದರಿಯ ಶೆಟ್ಲಿ ಕೆರೆಗಳಿಗೆ ತಡೆ ಹಾಕಿತು. ಸಾಂಪ್ರದಾಯಿಕ ಪದ್ಧತಿಯನ್ನು ಮಾತ್ರ ಬಿಟ್ಟಿತು. ಆಮೇಲೆ 2005ರಲ್ಲಿ ಬೇರೆ ಕಾಯ್ದೆ ಬಂತು. ಈಗ ಯಾರು ಸಾಕಬೇಕಾದರೂ ನೋಂದಣಿ ಬೇಕು. ಗುತ್ತಿಗೆ ಕೇಳುವವರ ಹತ್ತಿರ ಮೊದಲು ಆ ಕಾಗದ ಕೇಳಿ.

ಇನ್ನೊಂದು ಮಾತು. 5 ವರ್ಷ ಸತತ ಉಪ್ಪುನೀರು ನಿಂತ ಮಣ್ಣು ಒಂದೇ ಮಳೆಗೆ ತೊಳೆಯೋದಿಲ್ಲ. ಗುತ್ತಿಗೆ ಮುಗಿದ ಮರುದಿನ ಕಗ್ಗ ಬಿತ್ತುತ್ತೇನೆ ಅನ್ನೋಕೆ ಆಗೋದಿಲ್ಲ. ಬೀಜವೂ ಅಷ್ಟೇ. ಭತ್ತದ ಬೀಜ ಮನೆಯಲ್ಲಿ ಎರಡು ಮಳೆಗಾಲ ಕಳೆದರೆ ಮೊಳಕೆ ನಂಬೋ ಹಾಗಿಲ್ಲ. ನಿಮ್ಮ ಅಜ್ಜಿ ಅಡುಗೆಮನೆಯಷ್ಟು ಜಾಗದಲ್ಲಿ ಬಿತ್ತುವುದು ಸುಮ್ನೆ ಹಟ ಅಲ್ಲ. ಬಿತ್ತುವುದೇ ಇಟ್ಟುಕೊಳ್ಳುವ ದಾರಿ.

ಬಳಚು ಸಾರು

ನಾನು ಹೇಳೋದು ಕೇಳಿ. ಗುತ್ತಿಗೆ ಬೇಕೇ ಬೇಡವೇ ಅಂತ ಯಾಕೆ ಜಗಳ? ಹಿಂದೆಯೂ ಗಜನಿ ಮೀನು ಹರಾಜು ಹಾಕುತ್ತಿದ್ದರಲ್ಲ. ಕೊಯ್ಲಾದ ಮೇಲೆ ಬಾಗಿಲು ತೆಗೆದು ಬೇಸಿಗೆ ಮುಗಿಯುವ ತನಕ ಬರುವ ಮೀನು, ಶೆಟ್ಲಿ ಹಿಡಿಯುವ ಹಕ್ಕು ಒಬ್ಬರಿಗೆ. ದುಡ್ಡು ಪಾಲಿನ ಪ್ರಕಾರ ಎಲ್ಲರಿಗೂ. ಊರವರು ಕೊನೆಗೆ ಒಂದು ದಿನ ಇಳಿದು ಉಳಿದದ್ದು ಹಿಡಿಯಬಹುದು. ನಮ್ಮ ಮಾವ ಆ ದಿನಕ್ಕೆ ವರ್ಷವಿಡೀ ಕಾಯುತ್ತಿದ್ದರು.

ಆರು ತಿಂಗಳ ಗುತ್ತಿಗೆ ಕೇಳಿ ನೋಡಿ. ನವೆಂಬರಿಂದ ಮೇ ತನಕ. ಹೊರಗಿನಿಂದ ಮರಿ ತಂದು ಬಿಡಬಾರದು, ಆಹಾರ ಹಾಕಬಾರದು, ಭರತಕ್ಕೆ ಬಂದದ್ದಷ್ಟೇ.

ಒಬ್ಬ ಪಾಲುದಾರ

ಆರು ತಿಂಗಳಿಗೆ ಆ ಮನುಷ್ಯ ಅರ್ಧ ದುಡ್ಡೂ ಕೊಡೋದಿಲ್ಲ. ಆದರೆ ಲೆಕ್ಕ ಹಾಕಬಹುದು. ಒಂದೇ ಷರತ್ತು. ಬಿತ್ತೋದಾದರೆ ಎಲ್ಲರೂ ಬಿತ್ತಬೇಕು. ನಾಲ್ಕು ಮನೆ ಅಂದರೆ ನಾನಿಲ್ಲ.

ತದಡಿ ಬಂದರು

ಅಣ್ಣ, ನಿಮ್ಮ ಊರೂ ಇವರ ಊರೂ ಒಂದೇನಾ?

ಒಬ್ಬ ಪಾಲುದಾರ

ಅಲ್ಲ. ನಮ್ಮದು ಹೊಳೆಯ ಆಚೆ ದಂಡೆ. ನಮ್ಮ ಗಜನಿಯಲ್ಲಿ ಈಗ ಉಪ್ಪುನೀರು ನಿಂತು ಒಂಬತ್ತನೇ ವರ್ಷ. ಬೀಜ ಇಲ್ಲ. ಇವರಿಗೆ ಬಂದರೆ ನನಗೂ ಒಂದು ಮುಡಿ ಬೀಜ ಬೇಕು, ಈಗಲೇ ಹೇಳಿಟ್ಟಿದ್ದೇನೆ.

ದುಬೈಲಿ ಕುಮಟಾ

ಬೈಯೋರು ಬೈಯಿರಿ ಅಂತ ಶುರು ಮಾಡಿದ ಮನುಷ್ಯ ಬೀಜ ಕೇಳುತ್ತಿದ್ದಾನೆ ನೋಡಿ!

ಸುಗ್ಗಿ ತುರಾಯಿ

ನಗಬೇಡಿ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಹೊಳೆಗೆ ಬಿದ್ದಾಗ ಗಂಗಾವಳಿಯ ಆಚೆ ದಂಡೆಯ ಉಳುವರೆಗೆ ನೀರು ನುಗ್ಗಿ ಮನೆಗಳು ಹೋದವು. ಹೆದ್ದಾರಿಗೆ ಕಡಿದ ಗುಡ್ಡ ಈ ದಡದಲ್ಲಿ, ಮನೆ ಹೋದದ್ದು ಆ ದಡದಲ್ಲಿ. ನೆರವಿಗೆ ಹೋದವರಲ್ಲಿ ನಾನೂ ಇದ್ದೆ. ಒಂದು ಮನೆಯವರು ಮೊದಲು ಹುಡುಕಿದ್ದು ಬೀಜದ ಭತ್ತ ಇಟ್ಟ ಮೂಲೆಯನ್ನು. ಸಿಗಲಿಲ್ಲ. ಬೇರೆ ಊರಿನವರು ಕೊಟ್ಟರು. ಹತ್ತಿರದಲ್ಲಿ ಯಾರಾದರೂ ಬಿತ್ತಿದ್ದರಿಂದ ಕೊಟ್ಟರು.

ಗಜನಿ ಮೊಮ್ಮಗಳು

ಎಲ್ಲರಿಗೂ ಒಟ್ಟಿಗೆ ಉತ್ತರ. ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಹೋಗಿ ಬಂದೆ.

ಭಾನುವಾರ ಗೌಡರ ಮನೆ ಅಂಗಳದಲ್ಲಿ ಸೇರಿದೆವು. ಕೋಲಕಾರರ ಮಗ ವಾಟ್ಸಾಪ್‌ನಲ್ಲಿ ಹೇಳಿದ್ದ. ಅಜ್ಜಿಗೆ ಅದು ಒಪ್ಪಿಗೆ ಆಗಲಿಲ್ಲ, ಅವಳೇ ಮನೆ ಮನೆಗೆ ಹೋಗಿ ಬಂದಿದ್ದಳು. 16 ಮನೆಯಲ್ಲಿ 14 ಮನೆಯವರು ಬಂದರು. ನಾನು ಲೆಕ್ಕ ಬರೆದುಕೊಂಡು ಹೋಗಿದ್ದೆ. ಒಂದು ಕಡೆ ವರ್ಷವಿಡೀ ಗುತ್ತಿಗೆ. ಇನ್ನೊಂದು ಕಡೆ ಆರು ತಿಂಗಳ ಮೀನು ಹರಾಜು, ಜೊತೆಗೆ ಊಟದ ಅಕ್ಕಿ. ಅಕ್ಕಿಯನ್ನು ಅಂಗಡಿ ರೇಟಲ್ಲಿ ಹಿಡಿದರೂ ಗುತ್ತಿಗೆಯೇ ಸ್ವಲ್ಪ ಮೇಲೆ ಬಂತು. ಸುಳ್ಳು ಹೇಳೋದಿಲ್ಲ. ಕಟ್ಟೆ ರಿಪೇರಿಯನ್ನು ಸೇರಿಸಿದರೆ ಇನ್ನೂ ಮೇಲೆ.

ಆಗ ಚಿಕ್ಕಪ್ಪ ಒಂದು ಪ್ರಶ್ನೆ ಕೇಳಿದರು. "5 ವರ್ಷ ಆದಮೇಲೆ ಕಟ್ಟೆ ಯಾರದ್ದು?" ಯಾರೂ ಮಾತಾಡಲಿಲ್ಲ. ಗುತ್ತಿಗೆಯ ಕರಡು ಕಾಗದದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನೋಂದಣಿ ಬಗ್ಗೆಯೂ ಇರಲಿಲ್ಲ.

ಕೊನೆಗೆ 11 ಮನೆಯವರು ಬಿತ್ತೋಣ ಅಂದರು. ಮೂರು ಮನೆಯವರು ಯೋಚಿಸುತ್ತೇವೆ ಅಂದರು. ಆದರೆ ಬಾಗಿಲು ಹಾಕೋದಕ್ಕೆ ಅಡ್ಡಿ ಇಲ್ಲವಂತೆ. ಬಾರದ ಎರಡು ಮನೆಯವರಿಗೆ ಫೋನ್ ಮಾಡೋದು ನನ್ನ ಪಾಲಿಗೆ ಬಂದಿದೆ. ಒಬ್ಬರು ಮಡಗಾಂವ್, ಒಬ್ಬರು ಪುಣೆ. ಈ ಒಂದು ವರ್ಷ ನೋಡೋದು ಅಂತ ಮಾತಾಗಿದೆ. ಮೂರು ಚೀಲ ಬಂದರೆ ಮುಂದಿನ ವರ್ಷ ಗುತ್ತಿಗೆಗೇ ಅಂತ ಚಿಕ್ಕಪ್ಪ ಈಗಲೇ ಹೇಳಿದ್ದಾರೆ.

ಅಜ್ಜಿಯ ಬೀಜ ಹನ್ನೊಂದು ಮನೆಗೆ ಎಲ್ಲಿ ಸಾಕು? ಮಾಣಿಕಟ್ಟೆ ಕಡೆಯಿಂದ ತರೋಣ ಅಂತ ಇದ್ದೇವೆ. ಅವರು ಬಿಡದೆ ಬೆಳೆಯುತ್ತಿದ್ದಾರೆ. ಆಚೆ ದಂಡೆಯ ಅಣ್ಣನಿಗೆ ಮುಡಿ ಈ ವರ್ಷ ಕಷ್ಟ. ಅಕ್ಟೋಬರ್ ಮೇಲೆ ಕೇಳಿ.

ಅಜ್ಜಿಯ ಬೀಜದಲ್ಲಿ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಬಂದಿದ್ದೆ. ಇವತ್ತು ಬೆಳಿಗ್ಗೆ ಫೋನ್ ಮಾಡಿದಳು. 83 ಮೊಳಕೆ ಒಡೆದಿವೆ. ಉಳಿದ 17ನ್ನು ಕೋಳಿಗೆ ಹಾಕಿದಳಂತೆ.

ಈಗ ನನಗೆ ಬೇಕಾದ್ದು ಎರಡು. ಆರು ತಿಂಗಳ ಮೀನು ಹರಾಜಿಗೆ ಸರಿಯಾದ ಕರಾರು ಪತ್ರದ ನಮೂನೆ ಯಾರ ಹತ್ತಿರ ಇದೆ? ಹಾಗೂ ಬಾಗಿಲಿನ ಹಲಗೆಗೆ ಯಾವ ಮರ? ಅಜ್ಜ ಹಾಕಿಸಿದ್ದು ಯಾವುದೋ ಅಜ್ಜಿಗೂ ನೆನಪಿಲ್ಲ.

ಅಳ್ವೆಕೋಡಿ ಈರುಳ್ಳಿ

ಕರಾರು ಪತ್ರ ನನ್ನ ಭಾವನ ಹತ್ತಿರ ಹಳೆಯದು ಇದೆ, ಫೋಟೋ ತೆಗೆದು ಕಳಿಸುತ್ತೇನೆ. ಹಲಗೆ ವಿಷಯ ಮೇಷ್ಟ್ರನ್ನು ಕೇಳು.

ನಿವೃತ್ತ ಮೇಷ್ಟ್ರು

ನಾನು ಪಾಠ ಮಾಡಿದವನು, ಬಡಗಿ ಅಲ್ಲ. ನಾಳೆ ಬೆಳಿಗ್ಗೆ ಪೇಟೆಗೆ ಹೋಗುವವನಿದ್ದೇನೆ. ದೋಣಿ ಮಾಡುವವರ ಹತ್ತಿರ ಕೇಳಿ ಸಂಜೆ ಬರೆಯುತ್ತೇನೆ. ಬಾಗಿಲಿನ ಅಳತೆ ಕಳಿಸು. ಮಳೆಗೆ ಇನ್ನು ಮೂರೇ ವಾರ ಇದೆ.